ಇವರ ಲೈಸನ್ಸು, ನನ್ನ ಕೈ

ನನ್ನ ಗಂಡನಿಗೆ ಎಡಗಿವಿ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ಬಲಗಿವಿ ಅರ್ಧ ಮಾತ್ರ ಕೇಳಿಸುತ್ತದೆ ಎಂಬ ಸಂಗತಿ ನಮ್ಮ ಊರಾದ ಮೊರಬದಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬಳು ನಾನು, ಇನ್ನೊಬ್ಬರು ಅವರು. ಅವರು ಅದನ್ನು ಒಪ್ಪುತ್ತಿರಲಿಲ್ಲವಾದ್ದರಿಂದ ಒಬ್ಬಳಿಗೇ ಗೊತ್ತಿತ್ತು ಎಂದರೂ ನಡೆದೀತು. ಮೂವತ್ತೆಂಟು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದ ನಾನು, ನಿವೃತ್ತಿಯಾದ ಮೇಲೆ ಈ ಒಂದು ಸುಳ್ಳನ್ನು ಎರಡು ವರ್ಷ ಹಾಲು ಮೊಸರು ಹಾಕಿ ಸಾಕಿದೆ. ಅದು ಚೆನ್ನಾಗಿಯೇ ಬೆಳೆಯಿತು.

ಎಪ್ಪತ್ಮೂರನೇ ವಯಸ್ಸಿನಲ್ಲಿ ಯಾರಿಗೆ ತಾನೇ ಎಲ್ಲ ಕೇಳಿಸುತ್ತದೆ ಎಂದು ನೀವು ಅನ್ನಬಹುದು. ಮನೆಯ ಮುಂದೆ ಒಂದು ಲಾರಿ ನಿಂತಿರದಿದ್ದರೆ ನಾನೂ ಹಾಗೆಯೇ ಅನ್ನುತ್ತಿದ್ದೆ.

ಆ ಲಾರಿ ನನ್ನ ಮದುವೆಗಿಂತ ಹಳೆಯದು. ಎಂಜಿನ್ನು ಮುಂದಕ್ಕೆ ಮೂತಿ ಚಾಚಿಕೊಂಡಿರುವ, ಕಟ್ಟಿಗೆಯ ಕ್ಯಾಬಿನ್ನಿನ ಲಾರಿ. ಹುಬ್ಬಳ್ಳಿಗೆ ಹತ್ತಿ ಸಾಗಿಸಲು ನಮ್ಮ ಮಾವನವರು ಕೊಂಡಿದ್ದು. ಕ್ಯಾಬಿನ್ನಿನ ಒಳಗೆ, ಗಾಜಿನ ಮೇಲ್ಗಡೆ, ಅಂಗೈಯಗಲದ ಒಂದು ಕನ್ನಡಿ ಇದೆ. ಅದರಲ್ಲಿ ಹಿಂದಿನ ರಸ್ತೆ ಕಾಣುವುದಿಲ್ಲ, ಹಿಂದೆ ಹಲಗೆ ಇದೆ. ಮಾವನವರು ಪೇಟೆ ಬಂದಾಗ ತಲೆಯ ರುಮಾಲು ಸರಿಮಾಡಿಕೊಳ್ಳಲು ಅದನ್ನು ಹಾಕಿಸಿದ್ದರಂತೆ. ಈಗ ಹತ್ತಿ ಹೊರುವ ಕೆಲಸವೂ ಇಲ್ಲ, ರುಮಾಲೂ ಇಲ್ಲ. ಲಾರಿ ಸುಗ್ಗಿಯಲ್ಲಿ ಹೊಟ್ಟು ಹೊರುತ್ತದೆ. ಎಳ್ಳಮಾಸಿಯ ದಿನ, ಹೊಲದ ಬೆಳೆಗೆ ನೈವೇದ್ಯದ ಚರಗ ಚೆಲ್ಲಲು ಓಣಿಯವರೆಲ್ಲ ಹೊರಟಾಗ, ಅವರ ಕಡಬು ಹೋಳಿಗೆಯ ಬುಟ್ಟಿಗಳನ್ನು ಹೊತ್ತು ಮುಂದೆ ಹೋಗುತ್ತದೆ. ಉಳಿದ ದಿನ ಬೇವಿನ ಮರದ ಕೆಳಗೆ ನಿಂತು, ಬಂದವರಿಂದ ಫೋಟೋ ತೆಗೆಸಿಕೊಳ್ಳುತ್ತದೆ.

ಇದನ್ನು ಓಡಿಸುವುದು ಕಣ್ಣಿನ ಕೆಲಸವಲ್ಲ, ಕಿವಿಯ ಕೆಲಸ. ಎಂಜಿನ್ನಿನ ದನಿ ಇಳಿಯುವ ಹೊತ್ತನ್ನು ಕೇಳಿ ಗುರುತಿಸಿ, ಕ್ಲಚ್ಚನ್ನು ಎರಡು ಸಲ ತುಳಿದು ಗೇರು ಬದಲಿಸಬೇಕು. ಹೊತ್ತು ತಪ್ಪಿದರೆ ಅದು ಕರಕರನೆ ಹಲ್ಲು ಕಡಿದು ಊರಿಗೆಲ್ಲ ಕೇಳುವಂತೆ ಬೈಯುತ್ತದೆ. ಯೋಚಿಸಿ ನೋಡಿ, ನಮ್ಮ ಕಡೆ ಬಹಳ ತಿಳಿವಳಿಕೆ ಕಿವಿಯಿಂದಲೇ ಬರುತ್ತದೆ. ಕೊಡ ಕೊಳ್ಳುವವಳು ಬೆರಳಿನಿಂದ ಬಡಿದು ಕೇಳುತ್ತಾಳೆ. ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದಿನಿಂದಲೇ ಯಾರ ಮನೆಯಲ್ಲಿ ಸೊಸೆ ಎದ್ದಿದ್ದಾಳೆ, ಯಾರ ಮನೆಯಲ್ಲಿ ಅತ್ತೆಯೇ ಬಡಿಯುತ್ತಿದ್ದಾಳೆ ಎಂದು ಓಣಿಗೆಲ್ಲ ತಿಳಿಯುತ್ತದೆ. ಇಷ್ಟಾದರೂ ಮರ್ಯಾದೆ ಮಾತ್ರ ಕಣ್ಣಿಗೆ. ಚಷ್ಮಾ ಹಾಕಿಕೊಂಡವರನ್ನು ಓದಿದವರು ಎನ್ನುತ್ತಾರೆ, ಕಿವಿಗೆ ಮಶಿನ್ನು ಹಾಕಿಕೊಂಡವರನ್ನು ನೋಡಿ ನಗುತ್ತಾರೆ. ನಮ್ಮ ಮನೆಯವರ ಸಂಕಟವೆಲ್ಲ ಇಲ್ಲಿತ್ತು. ಸದ್ದಿನ ಮೇಲೆ ಬದುಕಿದ ಮನುಷ್ಯ, ಸದ್ದು ಹೋಯಿತು ಎಂದು ಹೇಗೆ ಹೇಳಿಯಾರು?

ಅವರು ಹೇಳಲಿಲ್ಲ. ಒಂದು ದಿನ ಅಣ್ಣಿಗೇರಿಯ ದಾರಿಯಲ್ಲಿ ಎಂಜಿನ್ನು ಅಳುತ್ತಿದ್ದರೂ ಗೇರು ಬದಲಿಸದೆ ಕೂತಿದ್ದರು. ಪಕ್ಕದಲ್ಲಿದ್ದ ನಾನು ತಡೆಯಲಾರದೆ, ಗೇರಿನ ಗುಂಡಿನ ಮೇಲಿದ್ದ ಅವರ ಎಡಗೈಯನ್ನು ಒಂದು ಸಲ ತಟ್ಟಿದೆ. ಅವರು ಮಾತಾಡದೆ ಗೇರು ಬದಲಿಸಿದರು. ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ಒಂದು ತಟ್ಟಿದರೆ ಗೇರು. ಎರಡು ತಟ್ಟಿದರೆ ಹಿಂದೆ ಹಾರ್ನು ಕೇಳುತ್ತಿದೆ, ಎಡಕ್ಕೆ ಸರಿದು ದಾರಿ ಬಿಡಿ. ಒತ್ತಿ ಹಿಡಿದರೆ ನಿಲ್ಲಿಸಿ. ಇದರ ಬಗ್ಗೆ ನಾವಿಬ್ಬರೂ ಒಂದೇ ಒಂದು ಮಾತು ಆಡಲಿಲ್ಲ. ಊರು ಮಾತ್ರ ಆಡಿತು. ಶಾಲೆಯ ಅಕ್ಕೋರು ಈ ವಯಸ್ಸಿನಲ್ಲೂ ಗಂಡನ ಕೈ ಹಿಡಿದುಕೊಂಡೇ ಲಾರಿಯಲ್ಲಿ ತಿರುಗುತ್ತಾರೆ ಎಂದು ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನಾನು ನಾಚಿದವಳಂತೆ ನಟಿಸಿದೆ. ನಿಜ ಹೇಳುವುದಕ್ಕಿಂತ ಅದು ಸುಲಭವಿತ್ತು.

ಇನ್ನೊಂದು ತಪ್ಪೊಪ್ಪಿಗೆ. ಕೇಳದ ಗಂಡನ ಎಡಕ್ಕೆ ಕೂಡುವುದರಲ್ಲಿ ಒಂದು ಸುಖವಿದೆ. ನಾನು ಮಾತಾಡತೊಡಗಿದೆ. ಮೊದಮೊದಲು ಚಹಾಕ್ಕೆ ಹಾಕಿಕೊಳ್ಳುವ ಸಕ್ಕರೆಯ ಬಗ್ಗೆ, ಆಮೇಲೆ ಹಿಂದಕ್ಕೆ ಹಿಂದಕ್ಕೆ ಹೋದೆ. ಅತ್ತೆ ನನ್ನನ್ನು ಅಂದಾಡುವಾಗ ನನ್ನ ಪರ ಒಂದು ಮಾತಾಡದೆ ಇವರು ಲಾರಿ ತೊಳೆಯಲು ಎದ್ದುಹೋಗುತ್ತಿದ್ದದ್ದು, ನಾನು ಬಿ.ಎ. ಪರೀಕ್ಷೆಗೆ ಕಟ್ಟುತ್ತೇನೆ ಎಂದಾಗ ಕೆಮ್ಮಿ ಸುಮ್ಮನಾದದ್ದು, ಎಲ್ಲ ಹೇಳಿದೆ. ನಡುನಡುವೆ, ಎದುರಿಗೆ ಆಡಲು ನಾಚಿಕೆಯಾಗುವಂಥ ಕೆಲವು ಒಳ್ಳೆಯ ಮಾತುಗಳನ್ನೂ ಹೇಳಿದೆ. ಅವರು ರಸ್ತೆ ನೋಡುತ್ತ ಸ್ಟೇರಿಂಗು ತಿರುಗಿಸುತ್ತಿದ್ದರು. ಅಷ್ಟು ತಾಳ್ಮೆಯ ಶ್ರೋತೃ ನನಗೆ ಶಾಲೆಯಲ್ಲೂ ಸಿಕ್ಕಿರಲಿಲ್ಲ.

ಈ ಸುಖವೆಲ್ಲ ಹೋದ ಶಿವರಾತ್ರಿಯ ಹಿಂದಿನ ವಾರ ಮುಗಿಯಿತು. ಬಾಜೂ ಮನೆಯ ನೀಲವ್ವ, ನನಗಿಂತ ಹಿರಿಯಳು, ಲಾರಿಯ ಹಿಂದಿನ ನೆರಳಿನಲ್ಲಿ ಕೂತು ಮೊರದಲ್ಲಿ ಕಡಲೆ ಕೇರುತ್ತಿದ್ದಳು. ಹೊಲಕ್ಕೆ ಹೊರಟಿದ್ದೆವು. ಕುಡಿಯುವ ನೀರಿನ ತಂಬಿಗೆ ತರಲೆಂದು ನಾನು ಒಳಗೆ ಹೋದೆ, ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಇವರು ನನಗಾಗಿ ಕಾಯದೆ ಲಾರಿಯನ್ನು ಹಿಂದಕ್ಕೆ ತೆಗೆದರು. ಓಣಿಯೆಲ್ಲ ನಿಲ್ಲಿಸು ಎಂದು ಒದರಿತು. ನಾನು ಹೊರಗೆ ಓಡಿ ಬಂದಾಗ ಎದುರು ಮನೆಯವನೊಬ್ಬ ಟವೆಲ್ಲು ಬೀಸುತ್ತ ಓಡುತ್ತಿದ್ದ. ಅವನು ಬಾಗಿಲ ಹೊರಗಿನ ಕನ್ನಡಿಯಲ್ಲಿ ಕಂಡಿದ್ದರಿಂದ ಲಾರಿ ನಿಂತಿತು. ಹಿಂದಿನ ಗಾಲಿ ನೀಲವ್ವನ ಮೊರದ ಮೇಲೆ ಹತ್ತಿತ್ತು. ನೀಲವ್ವ ಒಂದು ಗೇಣು ಆಚೆ ಬಿದ್ದಿದ್ದಳು.

ಇವರು ಇಳಿದು ಬಂದು ಅವಳನ್ನು ಎಬ್ಬಿಸುತ್ತ ಕೇಳಿದರು, "ಒದರಬಾರದೇನಬೇ?"

ಒದರಿ ಒದರಿ ಗಂಟಲು ಬಿದ್ದಿದ್ದ ಓಣಿಯವರು ಮುಖ ಮುಖ ನೋಡಿಕೊಂಡರು. ಗಾಬರಿಯಲ್ಲಿ ಹಾಗಂದರು ಎಂದುಕೊಂಡರು. ಪಾಪ, ಕಣ್ಣು ಹೋಗಿರಬೇಕು ಎಂದು ತೀರ್ಮಾನಿಸಿದರು. ಇವರೂ ಅದನ್ನೇ ಹಿಡಿದುಕೊಂಡು ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಬಂದರು. ಈಗ ಮೊರಬದಲ್ಲಿ ನಿಂತರೆ ನವಲಗುಂದದ ಗುಡ್ಡ ಕಾಣುತ್ತದೆ ಎಂದು ಎಲ್ಲರಿಗೂ ಹೇಳಿದರು. ನೀಲವ್ವನಿಗೆ ಹೊಸ ಮೊರ ತಂದುಕೊಟ್ಟರು. ಅವಳ ಮನೆಗೆ ಮೊಸರು ಕೊಡಲು ಹೋದಾಗಲೆಲ್ಲ ಗೋಡೆಗೆ ತೂಗುಹಾಕಿದ ಆ ಮೊರ ನನಗೆ ಕಾಣುತ್ತಿತ್ತು. ನನಗೆ ಭಯವಾಗುತ್ತಿತ್ತು. ಆ ದಿನ ತಪ್ಪಿದ್ದು ನನ್ನ ಗಂಡನ ಕಣ್ಣಲ್ಲ, ನನ್ನ ಬಾಯಿ ಎಂದು ನನಗೆ ಗೊತ್ತಿತ್ತು.

ಇಂಥ ಹೊತ್ತಿನಲ್ಲಿ ಲೈಸನ್ಸಿನ ಮುದ್ದತ್ತು ಮುಗಿಯಲು ಬಂತು. ಭಾರಿ ವಾಹನದ ಲೈಸನ್ಸು, ಈ ವಯಸ್ಸಿನಲ್ಲಿ ಡಾಕ್ಟರರ ಸರ್ಟಿಫಿಕೇಟು ಇಲ್ಲದೆ ಮುಂದುವರಿಯುವುದಿಲ್ಲ. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಫಾರ್ಮು ತುಂಬುವ ಕೆಲಸ ನನಗೆ ಬಿತ್ತು. ಹೆಸರು, ವಯಸ್ಸು, ರಕ್ತದ ಗುಂಪು ಬರೆದೆ. ಮುಂದೆ, ಹಾರ್ನಿನಂಥ ಸಾಮಾನ್ಯ ಸದ್ದು ಕೇಳದಷ್ಟು ಕಿವುಡುತನವಿದೆಯೇ ಎಂಬ ಪ್ರಶ್ನೆ ಇತ್ತು. ನನ್ನ ಪೆನ್ನು ನಿಂತಿತು.

ಇವರು ಹೆಗಲ ಮೇಲಿಂದ ಬಗ್ಗಿ ನೋಡಿ, "ಇಲ್ಲ ಅಂತ ಬರಿ" ಎಂದರು.

"ಅದು ಖರೇ ಐತೇನ್ರಿ?" ಎಂದೆ. ನಾನು ಎಡಕ್ಕೆ ಕೂತಿದ್ದೆ. ಉತ್ತರ ಬರಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟೆ.

ನವಲಗುಂದದ ಬಸ್ಸಿನಲ್ಲಿ ಒಂದೇ ಲೆಕ್ಕಾಚಾರ ನಡೆಸಿದೆ. ಹೇಳಿದರೆ, ಹದಿನೆಂಟನೇ ವಯಸ್ಸಿನಿಂದ ಹಿಡಿದ ಸ್ಟೇರಿಂಗನ್ನು ನನ್ನ ಕೈಯಾರೆ ಅವರಿಂದ ಕಿತ್ತುಕೊಂಡಂತೆ. ಹೇಳದಿದ್ದರೆ, ಮುಂದಿನ ಸಲ ಮೊರದ ಬದಲು ನೀಲವ್ವ. ಇಷ್ಟು ಸರಳವಾದ ಲೆಕ್ಕ ಮೂರನೇ ಇಯತ್ತೆಯ ಮಕ್ಕಳಿಗೂ ಬಿಡಿಸಲು ಬರುತ್ತಿತ್ತು. ನನಗೆ ಬರಲಿಲ್ಲ. ಇವರು ಕಿಟಕಿಯ ಬದಿ ಕೂತು, ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದರು.

ಡಾಕ್ಟರ್ ಈರಣ್ಣ ನನ್ನ ಶಿಷ್ಯ. ಬಡಬಡನೆ ಎದ್ದು ನಮಸ್ಕಾರ ಮಾಡಿ, ನನಗೆ ಕುರ್ಚಿ, ಇವರಿಗೆ ತಿರುಗುವ ಸ್ಟೂಲು ಕೊಟ್ಟ. ಕಣ್ಣಿನ ಪರೀಕ್ಷೆಯಲ್ಲಿ ಇವರು ಕಟ್ಟಕಡೆಯ ಸಾಲನ್ನೂ ಓದಿ, ಕೆಳಗಿದ್ದ ಪ್ರೆಸ್ಸಿನ ಹೆಸರನ್ನೂ ಓದಿ ತೋರಿಸಿದರು. ಬಿ.ಪಿ. ಸರಿ ಇತ್ತು. ಮೊಣಕಾಲೂ ಸರಿ. ಈರಣ್ಣ ಪೆನ್ನು ತೆಗೆದು ಫಾರ್ಮಿನ ಮೇಲೆ ಕಣ್ಣಾಡಿಸಿದ.

"ಇದೊಂದು ಖಾಲಿ ಬಿಟ್ಟೀರಲ್ರಿ ಅಕ್ಕೋರ?"

ಇವರು ನನ್ನ ಕಡೆ ನೋಡಿದರು. ಮದುವೆಯಾಗಿ ನಲವತ್ತಾರು ವರ್ಷದಲ್ಲಿ ಈ ಮನುಷ್ಯ ನನ್ನನ್ನು ಏನನ್ನೂ ಬೇಡಿದ್ದಿಲ್ಲ. ಆ ನೋಟ ಬೇಡುತ್ತಿತ್ತು.

"ಮರತೇನಪಾ" ಎಂದೆ.

"ಇರ್ಲಿ ಬಿಡ್ರಿ, ಈಗ ನೋಡೂಣು. ಕಾಕಾರ, ನಾ ಹಿಂದ ನಿಂತು ಚಿಟಿಕಿ ಹೊಡೀತೀನಿ. ಕೇಳಿದ ಕೂಡ್ಲೆ ಕೈ ಎತ್ರಿ."

ಬಲಗಡೆ ಚಿಟಿಕೆ ಹೊಡೆದ. ಕೈ ಮೇಲೆದ್ದಿತು, ತುಸು ತಡವಾಗಿ. ಈರಣ್ಣ ಎಡಕ್ಕೆ ಬಂದ. ಒಂದು ಚಿಟಿಕೆ. ಇವರು ಎದುರಿನ ಗೋಡೆ ನೋಡುತ್ತ ಕೂತಿದ್ದರು. ಎಡಗೈ ಮೊಣಕಾಲಿನ ಮೇಲೆ, ಗೇರಿನ ಗುಂಡಿನ ಮೇಲಿಟ್ಟಂತೆಯೇ ಇತ್ತು, ನನ್ನ ಕುರ್ಚಿಯಿಂದ ಒಂದು ಮೊಳ ದೂರ. ಇನ್ನೊಂದು ಚಿಟಿಕೆ. ತಟ್ಟಿದರೆ ಮುಗಿಯಿತು, ಯಾರಿಗೂ ಕಾಣುವುದಿಲ್ಲ. ನಾನು ನನ್ನ ಬಲಗೈಯನ್ನು ಸೆರಗಿನೊಳಗೆ ಬಿಗಿಹಿಡಿದು ಕೂತೆ. ನನ್ನ ಎದೆಯ ಬಡಿತ ಅವರಿಗೊಬ್ಬರಿಗೆ ಬಿಟ್ಟು ಎಲ್ಲರಿಗೂ ಕೇಳುತ್ತಿದೆ ಅನ್ನಿಸಿತು. ಮೂರನೆಯದು ಹೊಡೆಯುವ ಮೊದಲೇ ಹೇಳಿಬಿಡುತ್ತೇನೆ, ಈರಣ್ಣಾ ಸಾಕು ಎನ್ನುತ್ತೇನೆ ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಹೊರಗೆ ರಸ್ತೆಯಲ್ಲಿ ಬಸ್ಸೊಂದು ಭರ್ರೆಂದು ಹಾರ್ನು ಹೊಡೆಯಿತು.

ನನ್ನ ಕೈ ಸೆರಗಿನಿಂದ ಯಾವಾಗ ಹೊರಬಂತೋ ನನಗೆ ತಿಳಿಯದು. ಅವರ ಕೈಯನ್ನು ಎರಡು ಸಲ ತಟ್ಟಿಬಿಟ್ಟಿತ್ತು. ಅವರು ತಟ್ಟನೆ ನೆಟ್ಟಗಾಗಿ, ಎರಡೂ ಕೈಯಲ್ಲಿ ಇಲ್ಲದ ಸ್ಟೇರಿಂಗು ಹಿಡಿದು, ಪೂರ್ತಿ ಎಡಕ್ಕೆ ಎಳೆದರು. ಸ್ಟೂಲು ಅವರನ್ನು ಹೊತ್ತುಕೊಂಡು ಅರ್ಧ ಸುತ್ತು ತಿರುಗಿತು. ಬಸ್ಸಿಗೆ ದಾರಿ ಬಿಟ್ಟು ಅವರು ಕಣ್ಣೆತ್ತಿದಾಗ ಎದುರಿಗೆ ಈರಣ್ಣನ ಮುಖವಿತ್ತು.

ಈರಣ್ಣ ನನ್ನ ಕೈ ನೋಡಿದ, ಇವರ ಕೈ ನೋಡಿದ.

"ಅಕ್ಕೋರ, ಬಾಜೂ ಹುಡುಗಗ ಉತ್ತರ ಹೇಳಿಕೊಟ್ಟೆ ಅಂತ ನನ್ನ ಇಡೀ ದಿನ ಬೆಂಚಿನ ಮ್ಯಾಲ ನಿಂದರಿಸಿದ್ರಿ. ಈಗ ನಿಮ್ಮನ್ನ ಎಲ್ಲಿ ನಿಂದರಿಸ್ಲ್ರಿ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗ ಇವರು ಮಾತಾಡಿದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಆಕೀದೇನೂ ತಪ್ಪಿಲ್ಲಪಾ. ಕಿವಿ ನಂದು." ಎಡಗಿವಿ ಮುಟ್ಟಿಕೊಂಡು, "ಅವತ್ತ ನೀಲವ್ವ ಒದರಿದ್ದು ನನಗ ಕೇಳಿದ್ದಿಲ್ಲ" ಎಂದರು.

ಈರಣ್ಣ ಸಹಿ ಹಾಕಲಿಲ್ಲ. "ಮಶಿನ್ ಹಾಕ್ಕೊಂಡ ಬರ್ರಿ ಕಾಕಾರ. ಚಿಟಿಕಿ ಕೇಳಿದ್ರ ಬರದ ಕೊಡ್ತೀನಿ. ಕೇಳ್ಲಿಲ್ಲಂದ್ರ ಅಕ್ಕೋರು ಹೇಳಿದ್ರೂ ಬರಿಯಂಗಿಲ್ರಿ" ಎಂದ. ನಾನು ಕಲಿಸಿದ್ದು ಪೂರ್ತಿ ವ್ಯರ್ಥವಾಗಿರಲಿಲ್ಲ. ಅದನ್ನು ನೆನೆದು ಹೆಮ್ಮೆಪಡುವ ಸ್ಥಿತಿಯಲ್ಲಿ ಮಾತ್ರ ನಾನಿರಲಿಲ್ಲ.

ಹುಬ್ಬಳ್ಳಿಗೆ ಹೋಗಿ ಎರಡೂ ಕಿವಿಗೆ ಮಶಿನ್ನು ಹಾಕಿಸಿದ್ದಾಯಿತು. ತಿಂಗಳ ನಂತರ ಮತ್ತೆ ನವಲಗುಂದ. ಈ ಸಲ ಈರಣ್ಣ ನನ್ನನ್ನು ಒಳಗೆ ಬಿಡಲಿಲ್ಲ, ಹೊರಗಿನ ಬೆಂಚಿನ ಮೇಲೆ ಕೂಡಿಸಿದ. ಬಾಗಿಲು ಮುಚ್ಚಿತು. ನಾನು ಎರಡೂ ಕೈಯನ್ನು ಕಂಕುಳಲ್ಲಿ ಅವಚಿಕೊಂಡು ಕೂತೆ. ರಸ್ತೆಯಲ್ಲಿ ಹೋಗುವ ಒಂದೊಂದು ಹಾರ್ನಿಗೂ ಬೆರಳು ತುಡಿಯುತ್ತಿತ್ತು. ಬಾಗಿಲು ತೆರೆದು ಇವರು ಹೊರಗೆ ಬಂದರು. ಮುಖದಿಂದ ಏನೂ ತಿಳಿಯಲಿಲ್ಲ. ಕೈಯಲ್ಲಿದ್ದ ಕಾಗದವನ್ನು ನನ್ನ ತೊಡೆಯ ಮೇಲಿಟ್ಟರು. ಕೆಳಗೆ ಸಹಿ ಇತ್ತು. ಅದರ ಮೇಲೆ, ಶ್ರವಣಯಂತ್ರ ಧರಿಸಿಯೇ ಓಡಿಸತಕ್ಕದ್ದು ಎಂದು ಬರೆದಿತ್ತು. ನಾನು ಅತ್ತುಬಿಟ್ಟೆ. ಇವರು, "ಸಾವಕಾಶ ಅಳು, ಜೋರ ಕೇಳ್ತೈತಿ" ಎಂದರು.

ಲೈಸನ್ಸು ಬಂತು. ಅದರ ಹಿಂದೆಯೇ ನನಗೆ ಹೊಸ ಭಯ ಬಂತು, ಇನ್ನು ಪಕ್ಕದಲ್ಲಿ ಕೂತು ನಾನು ಆಡಿದ್ದೆಲ್ಲ ಇವರಿಗೆ ಕೇಳುತ್ತದೆ. ಎಳ್ಳಮಾಸಿಯ ದಿನ ಬುಟ್ಟಿಗಳನ್ನೆಲ್ಲ ಏರಿಸಿ ಲಾರಿ ಹೊರಟಾಗ, ನೀಲವ್ವ ತನ್ನ ಬುಟ್ಟಿ ಇಟ್ಟು ಹಿಂದೆ ಸರಿದು, "ಹಾಂ, ಬಿಡಪಾ ತಮ್ಮಾ!" ಎಂದು ಕೂಗಿದಳು. ಇವರು ಕಿಟಕಿಯಿಂದ ಕೈಬೀಸಿ, "ಕೇಳ್ತಬೇ!" ಎಂದರು. ದಾರಿಯುದ್ದಕ್ಕೂ ಅವರು ಕೇಳಿದರು. ಬಾಗಿಲು ಅಲುಗುವುದು, ಹಲಗೆ ಕಿರ್ರೆನ್ನುವುದು, ಬುಟ್ಟಿಯೊಳಗಿನ ಡಬ್ಬಿ ಕುಣಿಯುವುದು, ಎಲ್ಲವನ್ನೂ ಬೆರಗಿನಿಂದ ನನಗೆ ಹೇಳಿದರು. ಗೇರುಗಳು ಬೆಣ್ಣೆಯಂತೆ ಬಿದ್ದವು. ನನ್ನ ಕೈಗೆ ಕೆಲಸವಿರಲಿಲ್ಲ, ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡೆ. ಬಾಯಿಯನ್ನೂ ಮುಚ್ಚಿಕೊಂಡೆ.

ಕಾಲುವೆ ದಾಟಿದ ಮೇಲೆ ಅವರೇ ಕೇಳಿದರು, "ಯಾಕ, ಬಾಯಿ ಬಂದ್ ಮಾಡ್ಕೊಂಡ ಕುಂತಿ?"

"ಏನಿಲ್ರಿ."

"ಎರಡ ವರ್ಷ ಅಪ್ಪನ ಕನ್ನಡ್ಯಾಗ ನಿನ್ನ ತುಟಿ ಅಲುಗೂದು ನೋಡಕೋತ ಬಂದೇನಿ. ಮಶಿನ್ ಬರೇ ಲೈಸನ್ಸಿಗಂತ ಹಾಕ್ಕೊಂಡೆ ಅಂತ ತಿಳದಿಯೇನು?"

ನಾನು ತಲೆಯೆತ್ತಿದೆ. ರುಮಾಲಿನ ಆ ಸಣ್ಣ ಕನ್ನಡಿಯಲ್ಲಿ ನನ್ನ ಮುಖವೇ ತುಂಬಿತ್ತು. ಅದನ್ನು ಯಾವಾಗ ನನ್ನ ಕಡೆ ತಿರುಗಿಸಿದ್ದರೋ. ಕೇಳದವರ ಮುಂದೆ ಸರಾಗವಾಗಿ ಹರಿದ ಮಾತುಗಳಲ್ಲಿ ಒಂದೂ ಈಗ ನಾಲಿಗೆಗೆ ಬರಲಿಲ್ಲ. ಬಹಳ ಹೊತ್ತು ಹುಡುಕಿ, ಎಲ್ಲಕ್ಕಿಂತ ಸಣ್ಣದನ್ನು ಹೊರತೆಗೆದೆ.

"ಚಾದಾಗ ಸಕ್ಕರಿ ಭಾಳ ಹಾಕ್ಕೊಂತೀರಿ ಅಂತಿದ್ದೆ."

"ಅದು ಮೊದಲಿಂದ ಗೊತ್ತೈತಿ. ಮುಂದಿಂದ ಹೇಳು."

ಹೊಲ ಇನ್ನೂ ಎರಡು ಮೈಲಿ ಇತ್ತು. ಈ ಲಾರಿ ಎತ್ತಿನ ಬಂಡಿಗಿಂತ ನಿಧಾನ ಎಂದು ನಲವತ್ತಾರು ವರ್ಷ ಬೈದವಳು ನಾನು. ಅಂದು ಬೈಯಲಿಲ್ಲ. ಗಂಟಲು ಸರಿಮಾಡಿಕೊಂಡು, ಅತ್ತೆಯ ಕಾಲದಿಂದ ಶುರುಮಾಡಿದೆ.