ಎಂಜಿನ್ ಬಿಚ್ಚಿದ ವಾರ

ನಮ್ಮ ಮನೆಯಲ್ಲಿದ್ದ ಬಿಳಿ ಕಾರನ್ನು ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಊರಿನವರು ಸಿಕ್ಕಾಗ, ‘ನಿಮ್ಮಪ್ಪಂದು ಆ ಕಾಲಕ್ಕೇ ಕಾರಿತ್ತು ಕಣಮ್ಮ’ ಎಂದು ಹೊಗಳುತ್ತಾರೆ. ಇತ್ತು, ಯಾರು ಇಲ್ಲವೆಂದರು? ರೇಷ್ಮೆಗೂಡಿಗೆ ಒಳ್ಳೆಯ ಬೆಲೆ ಬಂದಿದ್ದ ವರ್ಷಗಳವು. ಸಾತನೂರಿನ ಸುತ್ತಮುತ್ತ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ನಾಲ್ಕು ಬೆಳೆ ಕೈಗೆ ಹತ್ತಿದವರು ಬೈಕು ತಂದರು. ನಮ್ಮಪ್ಪ, ಯಾರೋ ಓಡಿಸಿ ಸಾಕುಮಾಡಿದ್ದ ಕಾರು ತಂದರು. ಹುಳ ಸಾಕಿದವಳು ಅವ್ವ. ಬೀಗದ ಕೈ ಮಾತ್ರ ಅಪ್ಪನ ಜೇಬಿನಲ್ಲಿತ್ತು.

ಹುಳ ಸಾಕುವ ಮನೆಯಲ್ಲಿ ಮನುಷ್ಯರಿಗೆ ಜಾಗ ಇರುವುದಿಲ್ಲ. ನಮ್ಮ ನಡುಮನೆ ತುಂಬ ಹುಳದ ತಟ್ಟೆಗಳು. ಅಪ್ಪ, ಅಜ್ಜಿ, ನಾನು ಜಗಲಿಯ ಮೇಲೆ ಮಲಗುತ್ತಿದ್ದೆವು. ಅವ್ವ ತಟ್ಟೆಗಳ ಸಂದಿಯಲ್ಲೇ ಸೀರೆ ಹಾಸಿಕೊಂಡು ಮುದುರಿಕೊಳ್ಳುತ್ತಿದ್ದಳು. ಕಾರಿಗೆ ಮಾತ್ರ ಗೋಡೆಗೆ ಒತ್ತಿಕೊಂಡು ಹೆಂಚು ಹೊದಿಸಿದ ಶೆಡ್ಡಿತ್ತು.

ನಾನು ಕನಕಪುರದ ಕಾಲೇಜಿಗೆ ಸೇರುವ ಹೊತ್ತಿಗೆ ಕಾರು ಮುದಿಯಾಗಿತ್ತು. ಪೆಟ್ರೋಲು ಸಾಲದೆ ಆಯಿಲನ್ನೂ ಕುಡಿಯುತ್ತಿತ್ತು. ಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟರೆ ದಾರಿಯಲ್ಲಿ ಎರಡು ಸಲವಾದರೂ ಬಾನೆಟ್ಟು ಎತ್ತಿ ನೀರು ಹೊಯ್ಯಬೇಕು. ಮೆಕ್ಯಾನಿಕ್ ಖಡಾಖಂಡಿತವಾಗಿ ಹೇಳಿದ: ‘ಎಂಜಿನ್ ಪೂರ್ತಿ ಬಿಚ್ಚಿ ರಿಪೇರಿ ಮಾಡ್ಬೇಕು ಕಣಣ್ಣ. ಇಲ್ಲಾಂದ್ರೆ ಇದನ್ನ ಕೊಟ್ಬುಟ್ಟು ಬ್ಯಾರೇದು ತಕ್ಕಳಿ.’

ಅಲ್ಲಿಂದ ಮೂರು ತಿಂಗಳು ಮನೆಯಲ್ಲಿ ಬೇರೆ ಮಾತೇ ಇಲ್ಲ. ಅಪ್ಪ ಚನ್ನಪಟ್ಟಣದಲ್ಲಿ ಒಂದು ಕಾರು ನೋಡಿ ಬಂದರು. ಮಾಗಡಿಗೆ ಹೋಗಿ ಇನ್ನೊಂದು ನೋಡಿದರು. ಪ್ರತಿ ಸಲವೂ ವಾಪಸು ಬಂದು ನಮ್ಮದರ ಬೆನ್ನು ತಟ್ಟಿ, ‘ಇಂಥ ಬಾಡಿ ಈಗ ಬರಲ್ಲ ಬುಡಿ’ ಎನ್ನುತ್ತಿದ್ದರು. ಅವ್ವನನ್ನು ಒಂದು ಮಾತೂ ಕೇಳಲಿಲ್ಲ. ಅವಳೇ ಒಂದು ದಿನ ಸೊಪ್ಪು ಕತ್ತರಿಸುತ್ತ ಹೇಳಿದಳು: ‘ಇದೂ ಬ್ಯಾಡ, ಬ್ಯಾರೇದೂ ಬ್ಯಾಡ. ಕೊಟ್ಬುಟ್ಟು ಹುಳಕ್ಕೆ ಒಂದು ಮನೆ ಕಟ್ಸಿ. ನಾನೂ ಒಸಿ ಕಾಲು ಚಾಚ್ಕಂಡು ಮಲೀಕತ್ತೀನಿ.’

‘ನೋಡಣ ಬುಡು’ ಎಂದರು ಅಪ್ಪ. ನೋಡಿದ್ದು ಹೀಗೆ: ಮರುವಾರವೇ ಮೆಕ್ಯಾನಿಕ್‌ನನ್ನು ಮನೆಗೆ ಕರೆತಂದು ಶೆಡ್ಡಿನಲ್ಲೇ ಎಂಜಿನ್ ಬಿಚ್ಚಿಸಿದರು.

ಅದೂ ಎಂಥ ಹೊತ್ತಿನಲ್ಲಿ! ಹುಳ ಸೊಪ್ಪು ಬಿಟ್ಟು, ತಲೆಯೆತ್ತಿ ಮಲಗಿ, ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳ ಬಿಡುವಿಲ್ಲದೆ ತಿಂದು, ಒಂದು ವಾರದಲ್ಲಿ ಗೂಡು ಕಟ್ಟಲು ಹಣ್ಣಾಗುತ್ತದೆ. ಆಗ ಅದಕ್ಕೆ ಯಾವ ಘಾಟೂ ತಾಗಬಾರದು. ಮನೆಯಲ್ಲಿ ಊದುಬತ್ತಿ ಹಚ್ಚುವುದಿಲ್ಲ, ಒಗ್ಗರಣೆ ಹಾಕುವುದಿಲ್ಲ, ಬೀಡಿ ಸೇದಿದವರನ್ನು ಒಳಗೆ ಬಿಡುವುದಿಲ್ಲ. ಮುಟ್ಟಾದ ಹೆಂಗಸು ಹೊಸಿಲು ತುಳಿಯುವ ಹಾಗಿಲ್ಲ. ನಾನು ಆ ವಾರ ಮುಟ್ಟಾಗಿದ್ದೆ. ಅಜ್ಜಿ ನನ್ನನ್ನು ಹೊರಗೆ ಕೂರಿಸಿದಳು. ಕೂರಲು ನೆರಳಿದ್ದದ್ದು ಶೆಡ್ಡಿನಲ್ಲಿ ಮಾತ್ರ.

ಹಾಗಾಗಿ ಎಲ್ಲವನ್ನೂ ನೋಡಿದವಳು ನಾನು. ಸೊಪ್ಪು ಬಾಡದಿರಲೆಂದು ಅವ್ವ ರಾಶಿಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿಡುತ್ತಿದ್ದಳು. ಪೆಟ್ರೋಲಿನಲ್ಲಿ ತೊಳೆದ ಸಾಮಾನು ಹರವಲು ಏನಾದರೂ ಬೇಕೆಂದು ಮೆಕ್ಯಾನಿಕ್ ಕೇಳಿದಾಗ, ಅಪ್ಪ ಒಳಗೆ ಹೋಗಿ ಅವೇ ಎರಡು ಗೋಣಿಚೀಲ ಎತ್ತಿಕೊಂಡು ಬಂದರು. ಸಂಜೆ ಕೆಲಸ ಮುಗಿದ ಮೇಲೆ ಅವನ್ನು ನೀರಿನಲ್ಲಿ ಜಾಲಿಸಿ, ಮತ್ತೆ ಒದ್ದೆಯಾದವಲ್ಲ ಎಂಬ ಸಮಾಧಾನದಲ್ಲಿ, ಒಳಗೆ ಒಯ್ದು ಸೊಪ್ಪಿನ ಮೇಲೆ ಹೊದಿಸಿದರು. ಅವ್ವ ಆಗ ತೋಟದಲ್ಲಿದ್ದಳು. ನಾನು ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಅಷ್ಟು ವರ್ಷ ಹುಳದ ಮನೆಯಲ್ಲಿ ಬದುಕಿದ ಗಂಡಸಿಗೆ ನಾನೇನು ಹೇಳಿಕೊಡುವುದು ಎಂದು ಸುಮ್ಮನಾದೆ.

ಬೆಳಗಾಗುವಷ್ಟರಲ್ಲಿ ಅರ್ಧ ತಟ್ಟೆಗಳ ಹುಳ ಹಸಿರು ನೀರು ಕಕ್ಕಿಕೊಂಡು ಬಿದ್ದಿದ್ದವು. ಉಳಿದವು ಮಧ್ಯಾಹ್ನಕ್ಕೆ ಹೋದವು. ಅವ್ವ ಅಳಲಿಲ್ಲ. ಮಂಕರಿ ತುಂಬ ಸತ್ತ ಹುಳ ಹೊತ್ತು ತಿಪ್ಪೆಗೆ ಸುರಿದು ಬಂದಳು, ಮತ್ತೆ ತುಂಬಿದಳು. ಜಗಲಿಯಲ್ಲಿ ಅಜ್ಜಿ ಶುರು ಮಾಡಿದಳು: ‘ಹೊರಗಾದೋಳು ಒಳೀಕೆ ಕಾಲಿಕ್ಕವ್ಳೆ. ಇಲ್ದಿದ್ರೆ ಹಣ್ಣಾಗೋ ಹುಳ ಹಿಂಗ್ ಸಾಯ್ತವಾ?’

ನಾನು ಕಾಲಿಟ್ಟಿರಲಿಲ್ಲ. ನನಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಶೆಡ್ಡಿನ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಅವರೇ ಹೇಳುತ್ತಾರೆಂದು ಕಾದೆ, ಹೇಳಲಿಲ್ಲ. ‘ಅಪ್ಪ, ಆ ಗೋಣಿಚೀಲ...’ ಎಂದೆ.

‘ಸುಮ್ಕಿರಮ್ಮಿ. ಅಜ್ಜಿಗೆ ಎದುರಾಡಬ್ಯಾಡ’ ಎಂದು ಬೆನ್ನು ತಿರುಗಿಸಿದರು.

ಸಂಜೆಯೊಳಗೆ ಕೊಳಾಯಿಯ ಹತ್ತಿರ ಬಿಂದಿಗೆ ಹಿಡಿದು ನಿಂತ ಹೆಂಗಸರಿಗೆಲ್ಲ ಅಜ್ಜಿಯ ಮಾತೇ ಸುದ್ದಿಯಾಗಿ ಮುಟ್ಟಿತ್ತು. ನಾನು ಅವ್ವನಿಗೆ ಕಂಡದ್ದನ್ನೆಲ್ಲ ಹೇಳಿದೆ. ಅವಳು ಗೋಣಿಚೀಲ ಎತ್ತಿ ಮೂಸಿದಳು, ನೆಟ್ಟಗೆ ಶೆಡ್ಡಿಗೆ ಬಂದು ಅಪ್ಪನ ಮೂಗಿಗೆ ಹಿಡಿದಳು.

‘ನಾನು ಜಾಲಿಸೇ ಹಾಕಿದ್ದು ಕಣೆ’ ಎಂದರು ಅಪ್ಪ. ಅವ್ವ ಹಿಡಿದ ಕೈ ಇಳಿಸಲಿಲ್ಲ. ಅಪ್ಪ ತಾವಾಗಿಯೇ, ‘ಆಯ್ತು, ಕಾರು ಕೊಟ್ಬುಡ್ತೀನಿ. ಹುಳಿನ್ ಮನೆ ಕಟ್ಸನ’ ಎಂದರು.

‘ಕಾರು ನೀವೇ ಮಡೀಕಳಿ’ ಎಂದಳು ಅವ್ವ. ‘ರಿಪೇರಿ ಆಯ್ತಾ ಐತಲ್ಲ, ಚೆಂದಾಗಿ ಓಡ್ತೈತೆ. ಮನೇನೂ ಬ್ಯಾಡ ನಂಗೆ. ತಪ್ಪು ನಂದು, ಮಗಳ್ದಲ್ಲ ಅಂತ ನಿಮ್ಮವ್ವನ ಮುಂದೆ ಒಂದು ಮಾತು ಹೇಳಿ. ಅಷ್ಟ್ ಸಾಕು.’

ಅಪ್ಪ ತಲೆಯಾಡಿಸಿದರು. ನಾನು ಆ ಮಾತಿಗೆ ಒಂದು ದಿನ ಕಾದೆ, ಎರಡು ದಿನ ಕಾದೆ. ನಾಲ್ಕನೇ ದಿನ ಕೆಂಗಲ್ ಕಡೆಯವರೊಬ್ಬರು ಬಂದು ಕಾರು ಓಡಿಸಿಕೊಂಡು ಹೋದರು. ಎಂಜಿನ್ ಎಷ್ಟು ನುಣ್ಣಗೆ ಓಡುತ್ತಿತ್ತೆಂದರೆ ಅದು ಬೀದಿ ತಿರುಗಿದ್ದೇ ತಿಳಿಯಲಿಲ್ಲ. ಆ ಕಾರಿನ ಮೇಲೆ ಅಪ್ಪನಿಗಿದ್ದ ಪ್ರಾಣ ನನಗೆ ಗೊತ್ತು. ಆದರೂ ಆ ಒಂದು ಮಾತಿಗಿಂತ ಅದನ್ನು ಮಾರುವುದೇ ಅವರಿಗೆ ಸುಲಭವಾಯಿತು. ನನಗದು ಇವತ್ತಿಗೂ ಸಹಿಸಲಾಗದು.

ವರ್ಷದೊಳಗೆ ಹುಳದ ಮನೆ ಎದ್ದಿತು. ಅವ್ವ ನಡುಮನೆಯಲ್ಲಿ ಮಲಗುವಂತಾದಳು. ಊರವರು ಅಪ್ಪನನ್ನು ಕೊಂಡಾಡಿದರು, ಹೆಂಡತಿಗಾಗಿ ಕಾರು ಕೊಟ್ಟ ಪುಣ್ಯಾತ್ಮ ಎಂದು. ಮೊದಲ ತಟ್ಟೆ ಇಡುವ ದಿನ ಅವ್ವ ನನ್ನನ್ನೂ ಕರೆದಳು. ಆ ದಿನ ನಾನು ಮುಟ್ಟಾಗಿಯೂ ಇರಲಿಲ್ಲ. ಸೊಪ್ಪಿನ ಮಂಕರಿ ಹೊತ್ತು ಬಾಗಿಲಿಗೆ ಬಂದಾಗ ಅಜ್ಜಿ ಅಡ್ಡ ಕೈ ಹಾಕಿ, ‘ಇವಳ್ ಕಾಲ್ಗುಣ ಒಂದ್ಸಲ ನೋಡಾಯ್ತಲ್ಲ, ಹೊರಗೇ ಇರ್ಲಿ’ ಎಂದಳು. ಅಪ್ಪ ಪಕ್ಕದಲ್ಲೇ ಇದ್ದರು. ನನ್ನ ತಲೆಯ ಮೇಲಿದ್ದ ಮಂಕರಿಯನ್ನು ಮೆಲ್ಲಗೆ ಇಳಿಸಿಕೊಂಡು ಒಬ್ಬರೇ ಒಳಗೆ ಹೋದರು.