ಎರಡೂ ಎಡತೋಳಿನ ರವಿಕೆ

ಮೊನ್ನೆ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ಒಂದು ರವಿಕೆ ಸಿಕ್ಕಿತು. ನೀಲಿ ಬಟ್ಟೆ, ಬಿಳಿ ಹೂವಿನ ಅಚ್ಚು, ನುಸಿಗುಳಿಗೆಯ ವಾಸನೆ. ಸೊಸೆ ಬಿಡಿಸಿ ನೋಡಿದಳು. "ಅತ್ತೆ, ಇದರ ಎರಡೂ ತೋಳು ಎಡಗೈಯವು. ಎಂತ ಟೈಲರ್ ಇದು?"

ಎಂತ ಟೈಲರ್ ಎಂದು ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಹೊಲಿದವಳ ಮೇಲಲ್ಲ, ಅವಳ ಸುತ್ತಲಿದ್ದ ನಮ್ಮೆಲ್ಲರ ಮೇಲೆ.

ಅರವತ್ತರ ದಶಕದ ಮೊದಲ ವರ್ಷಗಳು. ಮಂಗಳೂರಿನ ಬಿಜೈಯಲ್ಲಿ ನಮ್ಮ ಮನೆಗೂ ಬಾಯಮ್ಮನ ಮನೆಗೂ ನಡುವೆ ಒಂದು ಮೋಟುಗೋಡೆ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಾವೆಲ್ಲ ಬಾಯಮ್ಮ ಎಂದೇ ಕರೆಯುತ್ತಿದ್ದುದು. ಈ ಬಾಯಮ್ಮ, ತಂದೆತಾಯಿ ಹೋದ ಮೇಲೆ ತಾನು ಮದುವೆಯಾಗದೆ, ಹೊಲಿಗೆ ಮಾಡಿಯೇ ತಂಗಿಯನ್ನು ಸಾಕಿದವಳು. ಅಳತೆಯನ್ನು ಅವಳು ಬರೆದಿಡುತ್ತಿರಲಿಲ್ಲ. ಒಮ್ಮೆ ಟೇಪು ಹಿಡಿದರೆ ಆಯಿತು, ಮುಂದಿನ ವರ್ಷ ನಮ್ಮನ್ನು ದೂರದಿಂದ ನೋಡಿಯೇ "ಸ್ವಲ್ಪ ದಪ್ಪ ಆಗಿದ್ದಿ" ಎಂದು ಕತ್ತರಿ ಹಾಕುತ್ತಿದ್ದಳು. ತಪ್ಪಿದ್ದು ನಾನು ಕಂಡಿಲ್ಲ.

ತಂಗಿಗೆ ದೇರೆಬೈಲಿನ ಸಂಬಂಧ ಗೊತ್ತಾದ ವರ್ಷ ಬಾಯಮ್ಮನ ಕೆನ್ನೆಗಳು ಕೆಂಪಾದವು. ಬಿಸಿಲಿಗೆ ಹೋಗಿ ಬಂದರೆ ಇನ್ನೂ ಹೆಚ್ಚು. ಬೆಳಿಗ್ಗೆ ಬೆರಳಿನ ಗೆಣ್ಣು ಬಾತು, ಕತ್ತರಿಯ ಬಳೆಯೊಳಗೆ ಹೆಬ್ಬೆರಳು ಹೋಗುತ್ತಿರಲಿಲ್ಲ. ನನ್ನ ಅಮ್ಮ ಗೋಡೆಯ ಮೇಲಿಂದ ಇಣುಕಿ ತೀರ್ಪು ಕೊಟ್ಟೇಬಿಟ್ಟಳು: ಬೆಸರ್ಪು. ಅಂದರೆ ಸರ್ಪಸುತ್ತು. ಅದರ ಹೆಡೆಯೂ ಬಾಲವೂ ಸೇರಿದರೆ ಜೀವ ಉಳಿಯುವುದಿಲ್ಲ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿ ನೋಡಿದರೆ ಒಂದು ಕೆನ್ನೆಯ ಕೆಂಪು ಮೂಗಿನ ಮೇಲೆ ಹತ್ತಿ ಇಳಿದು ಇನ್ನೊಂದು ಕೆನ್ನೆಯ ಕೆಂಪಿಗೆ ಆಗಲೇ ಕೂಡಿತ್ತು. ಪೂಜೆಗೆ ಇಗರ್ಜಿ, ಬೆಸರ್ಪಿಗೆ ನಮ್ಮ ಅಮ್ಮ! ಕಾವಿಮಣ್ಣು ತೇದು ದಿನಾ ಮುಖಕ್ಕೆ ಬಳಿದದ್ದೇ ಬಳಿದದ್ದು. ಬಾಯಮ್ಮ ಸಾಯಲಿಲ್ಲ. ಅದಕ್ಕೆ ಮದ್ದು ನಾಟಿತು ಎಂದು ಎಲ್ಲರೂ ಹಿಗ್ಗಿದರು. ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು.

ಏಕೆಂದರೆ ಮುಖ ನೋಡುವ ಗಡಿಬಿಡಿಯಲ್ಲಿ ಅವಳ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಕತ್ತರಿ ಎನ್ನಲು ಶಬ್ದ ಸಿಗದೆ "ಅದು... ಬಟ್ಟೆ ಕಚ್ಚುವುದು" ಎನ್ನುತ್ತಿದ್ದಳು. ನನ್ನ ಅಳತೆ ತೆಗೆದು, ಟೇಪು ಸುತ್ತಿಟ್ಟು, ತಿರುಗಿ "ಬಾ ಮಗಾ, ಅಳತೆ ಕೊಡು" ಎಂದಳು. ಒಂದು ಮಂಗಳವಾರ ಇಗರ್ಜಿಯ ಸೀರೆ ಉಟ್ಟು ಮೆಟ್ಟಿಲಲ್ಲಿ ಕೂತು, ತಂಗಿಯ ಮದುವೆ ಮುಗಿಯಿತು, ನೆಂಟರು ಏಕೆ ಊಟ ಮಾಡದೆ ಹೋದರು ಎಂದು ಅತ್ತಳು. ಮದುವೆಗೆ ಇನ್ನೂ ತಿಂಗಳುಗಳಿದ್ದವು. ತಂಗಿ ನನ್ನ ಅಮ್ಮನ ಕೈ ಹಿಡಿದುಕೊಂಡಳು.

"ಯಾರಿಗೂ ಹೇಳ್ಬೇಡಿ ಅಕ್ಕ. ಹುಚ್ಚಿನ ಮನೆಯ ಹುಡುಗಿ ಅಂತ ಬಿಟ್ಟುಬಿಡ್ತಾರೆ."

ಅಮ್ಮ ಆಣೆಯಿಟ್ಟಳು. ಇನ್ನು ಬಾಯಮ್ಮನಾದರೂ ಒಪ್ಪುತ್ತಾಳೋ ಎಂದು ನಾನು ಒಬ್ಬಳೇ ಹೋಗಿ ಡಾಕ್ಟರ ಹತ್ತಿರ ಹೋಗೋಣ ಎಂದೆ. ಅವತ್ತು ಅವಳ ಬುದ್ಧಿ ತಿಳಿಯಾಗಿತ್ತು. "ತಲೆಯೊಳಗೆ ಮಂಜು ಕೂತ ಹಾಗೆ ಆಗ್ತದೆ ಮಗಾ. ಎಂತದೋ ತಪ್ಪುತ್ತಾ ಉಂಟು, ನನಗೆ ಗೊತ್ತುಂಟು. ಆದ್ರೆ ಡಾಕ್ಟರಿಗೆ ಗೊತ್ತಾದ್ರೆ ಊರಿಗೆ ಗೊತ್ತಾಗ್ತದೆ. ಮದುವೆ ಒಂದು ಮುಗೀಲಿ."

ಮದುವೆ ಮುಗೀಲಿ, ಮದುವೆ ಮುಗೀಲಿ! ತಂಗಿಗಾಗಿ ತಲೆಯನ್ನೇ ಅಡವಿಟ್ಟವಳಿಗೆ ಏನು ಹೇಳುವುದು? ಕೋಣನ ಮುಂದೆ ಕಿನ್ನರಿ ಬಾರಿಸಿ ನಾನು ಸೋತೆ. ಆ ವಾರವೇ ಮದುವೆಗೆ ತೊಡಲೆಂದು ನನಗೆ ಈ ರವಿಕೆ ಹೊಲಿದುಕೊಟ್ಟಳು. ಅಚ್ಚಿನ ಬಟ್ಟೆಗೆ ಒಳಮೈ ಹೊರಮೈ ಇರುತ್ತದೆ, ತೋಳುಗಳನ್ನು ಎದುರುಬದುರಾಗಿಟ್ಟು ಕತ್ತರಿಸಬೇಕು. ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ, ಈ ಸಲ ಎರಡನ್ನೂ ಒಂದೇ ಮುಖವಾಗಿಟ್ಟು ಕತ್ತರಿಸಿದ್ದಳು. ತೊಟ್ಟರೆ ಬಲಗೈ ಎತ್ತಲಾಗುತ್ತಿರಲಿಲ್ಲ.

ಮದುಮಗಳ ಕೆಂಪು ಸೀರೆ, ಸಾಡೊ, ಗಂಡಿನ ಮನೆಯಿಂದ ಬರುವುದು ಅವರ ಪದ್ಧತಿ. ಅದರ ರವಿಕೆಯ ಬಟ್ಟೆಯನ್ನು ಹುಡುಗನ ತಾಯಿ ತಾವೇ ತಂದರು. ಅವರ ಎದುರಿಗೇ ಅಳತೆ ತೆಗೆಯಬೇಕಾಯಿತು. ಬಾಯಮ್ಮ ತಂಗಿಯ ಭುಜಕ್ಕೆ ಟೇಪು ಹಿಡಿದಳು, ಹಾಗೆಯೇ ನಿಂತಳು, ಮತ್ತೆ ಕೈಕಾಲು ಸೆಟೆದು ಬಿದ್ದಳು. ಅಪಸ್ಮಾರ ಬಂದವರ ಹಾಗೆ ಇಡೀ ಮೈ ಅದುರುತ್ತಿತ್ತು. ಹುಡುಗನ ತಾಯಿ ನೆಲದಲ್ಲಿ ಕೂತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ತಂಗಿ ಹುಚ್ಚಲ್ಲ, ಹುಚ್ಚಲ್ಲ ಎಂದು ಅಳುತ್ತಿದ್ದಳು.

"ಹುಚ್ಚು ಅಂತ ಯಾರು ಹೇಳಿದ್ದು ಮಾರಾಯ್ತಿ? ಕೆಂಪು ಮುಖ, ತೊದಲು ಮಾತು... ನಿನ್ನ ಅಕ್ಕ ಕುಡೀತಾಳೆ ಅಂತ ನಾವು ತಿಳ್ಕೊಂಡದ್ದು. ಹುಡುಗಿ ಒಳ್ಳೆಯವಳು, ಅಕ್ಕ ಕುಡಿದರೆ ಕುಡೀಲಿ ಅಂತ ಒಪ್ಪಿದ್ದು. ಮೊದಲು ಗಾಡಿ ತರಿಸಿ."

ಮುಚ್ಚಿಟ್ಟದ್ದೆಲ್ಲ ಯಾರಿಂದ, ಯಾತಕ್ಕೆ? ನೆನೆದರೆ ಈಗಲೂ ಮೈ ಉರಿಯುತ್ತದೆ.

ಫಳ್ನೀರಿನ ಡಾಕ್ಟರು ಕೆನ್ನೆ ನೋಡಿದರು, ಬೆರಳು ಒತ್ತಿದರು, ಬಾಯೊಳಗಿನ ಹುಣ್ಣು ನೋಡಿದರು, ರಕ್ತ ಪರೀಕ್ಷೆಗೆ ಕಳಿಸಿದರು. ಲೂಪಸ್ ಎಂಬ ಹೆಸರು ನಾನು ಕೇಳಿದ್ದು ಅಂದೇ. ರೋಗದಿಂದ ಮೈಯನ್ನು ಕಾಯಬೇಕಾದ ರಕ್ತದ ಶಕ್ತಿಯೇ ಮೈಗೆ ತಿರುಗಿ ಬೀಳುತ್ತದಂತೆ. ಚರ್ಮ, ಗಂಟು, ಮೂತ್ರಪಿಂಡ, ಮತ್ತೆ ಮಿದುಳು. ಮರೆವು, ಶಬ್ದ ಸಿಗದಿರುವುದು, ಇಲ್ಲದ್ದು ಕಾಣುವುದು, ಫಿಟ್ಸು, ಎಲ್ಲ ಅದೇ ಕಾಯಿಲೆ. "ಬೇಗ ಬರಬೇಕಿತ್ತು," ಎಂದರು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಗೋಡೆ ನೋಡಿದಳು.

ಮದುವೆ ಮೊದಲೇ ಗೊತ್ತುಮಾಡಿದ್ದ ತಾರೀಕಿಗೇ ನಡೆಯಿತು. ಬಾಯಮ್ಮ ಆಸ್ಪತ್ರೆಯಲ್ಲಿದ್ದಳು.

ಮಾತ್ರೆಗಳಿಂದ ಮುಖ ಊದಿದರೂ ಮಂಜು ಕರಗಿತು, ಶಬ್ದಗಳು ಒಂದೊಂದೇ ಹಿಂದೆ ಬಂದವು. ಆ ತಿಂಗಳುಗಳ ನೆನಪು ಮಾತ್ರ ಬರಲಿಲ್ಲ. ಒಂದು ದಿನ ನಾನು ಇದೇ ರವಿಕೆ ತೊಟ್ಟು ಅವಳ ಜಗಲಿಗೆ ಹೋದೆ. ಹತ್ತಿರ ಕರೆದು ತೋಳು ಹಿಡಿದು ನೋಡಿದಳು.

"ಇದನ್ನು ಯಾವ ಕತ್ತೆ ಹೊಲಿದದ್ದು ಮಗಾ? ಎರಡೂ ಎಡಗೈ!"

"ಪೇಟೆಯ ಯಾರೋ ಒಬ್ಬ," ಎಂದೆ.

"ನಾನು ಇರುವಾಗ ಪೇಟೆಗೆ ಯಾಕೆ ಹೋದದ್ದು? ಇರಲಿ, ಇಟ್ಟಿರು. ಕೈ ಸ್ವಲ್ಪ ಸುಧಾರಿಸ್ಲಿ, ಬಿಚ್ಚಿ ಸರಿ ಮಾಡಿಕೊಡ್ತೇನೆ."

ಕೈ ಸುಧಾರಿಸಲಿಲ್ಲ. ಮೂತ್ರಪಿಂಡಕ್ಕೆ ಬಂದದ್ದು ಮಾತ್ರೆಗೂ ಬಗ್ಗಲಿಲ್ಲ... ಅರವತ್ತರ ದಶಕ ಮುಗಿಯುವ ಮೊದಲೇ ಅವಳು ಹೋದಳು.

ಮೊನ್ನೆ ಸೊಸೆ ಕತ್ತರಿ ತಂದು ಕೂತಿದ್ದಳು. "ಹೊಲಿಗೆ ಬಿಚ್ಚಿ ಸರಿ ಮಾಡ್ಲಾ ಅತ್ತೆ?"

ಬೇಡ ಎಂದು ಕೈಯಿಂದ ಕಸಿದುಕೊಂಡೆ. ಇಟ್ಟಿರು ಎಂದು ಹೇಳಿ ಹೋಗಿದ್ದಾಳೆ, ಇಟ್ಟಿದ್ದೇನೆ.