ಮೂರು ಸಹಿ

ಕಂಪ್ಯೂಟರ್ ಒಂದು ಕೋಣೆ ತುಂಬುತ್ತಿದ್ದ ಕಾಲ. ಪ್ರೋಗ್ರಾಂ ಬರೆದವನು ಕಾಲೇಜು ಮೇಷ್ಟ್ರಾದ ನಾನು, ಯಂತ್ರ ಕಂಪನಿಯದು, ಯೋಜನೆ ಸರ್ಕಾರದ್ದು. ತೋಟ ಮಾತ್ರ ಅರಳಗುಪ್ಪೆಯ ಶಿವಣ್ಣನವರದು. ಅವರು ಬರೆದಿಟ್ಟ ವಿವರಗಳಿಂದಲೇ, ಮುಂದೆ ಯಾವ ತೆಂಗಿಗೆ ರೋಗ ತಗಲುತ್ತದೆಂದು ಕಂಪ್ಯೂಟರ್ ಪಟ್ಟಿ ಕೊಟ್ಟಿತ್ತು. ಮೂರೂ ಕಡೆಯವರು ಸಹಿ ಹಾಕದೆ ಅದನ್ನು ಯಾರಿಗೂ ತೋರಿಸುವಂತಿರಲಿಲ್ಲ.

“ನನ್ನ ಮರದ ಸುದ್ದಿ ನಂಗೇ ಗುಟ್ಟೇನ್ರೀ ಮೇಷ್ಟ್ರೇ?” ಎಂದು ಶಿವಣ್ಣ ಕೇಳಿದರು.

ಪಟ್ಟಿ ನನ್ನ ಚೀಲದಲ್ಲೇ ಇತ್ತು. “ಸಹಿ ಆಗಲಿ” ಎಂದೆ.

ಎಂಟು ತಿಂಗಳ ಮೇಲೆ ಪಟ್ಟಿ ಹಿಡಿದು ಹೋದರೆ, ತೋಟದಲ್ಲಿ ಒಂದು ಸಾಲು ಪೂರ್ತಿ ಬರೀ ಬುಡಗಳು.

“ಈ ಸಾಲಲ್ಲಿ ಯಾವ್ದಕ್ಕೆ ರೋಗ ಅಂತ ಗೊತ್ತಾಗ್ಲಿಲ್ಲ, ತೋಟಕ್ಕೆಲ್ಲಾ ಹರಡೀತು ಅಂತ ಎಲ್ಲಾನೂ ಕಡಿಸ್ಬುಟ್ಟೆ ಕಣ್ರೀ.”

ಪಟ್ಟಿಯಲ್ಲಿ ಆ ಸಾಲಿನವು ಎರಡೇ ಮರ. ಶಿವಣ್ಣ ನಿಧಾನವಾಗಿ ಓದಿ, ಮಡಿಸಿ ವಾಪಸು ಕೊಟ್ಟರು.

“ಸಹಿ ಮೂರೂ ಚೆಂದಾಗವೆ ಬುಡಿ” ಎಂದರು.

ಅದರಲ್ಲೊಂದು ನನ್ನದೇ.